ಕಳೆ ಬರುವುದು ಖಾಲಿ ಜಾಗಕ್ಕೆ

ಯಾವ ಔಷಧಿ ಹೊಡೆದರೆ ಲಾನ್‌ನ ಕಳೆ ಹೋಗುತ್ತದೆ? ಮಾತು ಶುರುವಾಗುವ ಮೊದಲೇ ನಿಮ್ಮಲ್ಲಿ ಕೆಲವರು ನನ್ನನ್ನು ಕೇಳಿದ ಪ್ರಶ್ನೆ ಇದು. ಔಷಧಿಯ ವಿಷಯಕ್ಕೆ ಖಂಡಿತ ಬರುತ್ತೇನೆ. ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳೋಣ. ಆ ಕಳೆಗೆ ಅಲ್ಲಿ ಜಾಗ ಹೇಗೆ ಸಿಕ್ಕಿತು?

ದಟ್ಟವಾಗಿ ಹೆಣೆದುಕೊಂಡ ಹುಲ್ಲಿನ ಕೆಳಗೆ ನೆಲಕ್ಕೆ ಬೆಳಕು ಬೀಳುವುದಿಲ್ಲ. ಬೆಳಕಿಲ್ಲದೆ ಬಹಳಷ್ಟು ಕಳೆಬೀಜ ಮೊಳೆಯುವುದಿಲ್ಲ. ಮೊಳೆತರೂ ಹುಲ್ಲನ್ನು ದಾಟಿ ಮೇಲೆ ಬರುವಷ್ಟು ಕಸುವು ಅದಕ್ಕಿರುವುದಿಲ್ಲ. ಹುಲ್ಲು ತೆಳುವಾದ ಕಡೆ, ಜನ ನಡೆದು ನಡೆದು ದಾರಿ ಬಿದ್ದ ಕಡೆ, ನೀರು ನಿಂತು ಬೇರು ಕೊಳೆತ ಕಡೆ ಕಳೆ ಏಳುತ್ತದೆ. ಹೆಚ್ಚಿನ ಲಾನ್‌ಗಳಲ್ಲಿ ಹುಲ್ಲು ಮೊದಲು ಸೊರಗಿರುತ್ತದೆ, ಕಳೆ ಆಮೇಲೆ ಬಂದಿರುತ್ತದೆ. ನಾವು ಮಾತ್ರ ಕೊನೆಗೆ ಬಂದದ್ದನ್ನು ಮೊದಲು ನೋಡುತ್ತೇವೆ.

ಹಾಗಾದರೆ ಮಣ್ಣಿನಲ್ಲಿ ಕಳೆಬೀಜವೇ ಇಲ್ಲದ ಹಾಗೆ ಮಾಡಬಹುದಲ್ವಾ ಎಂದು ನೀವು ಕೇಳಬಹುದು. ಆಗುವುದಿಲ್ಲ. 1879ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ 20 ಬಾಟಲಿಗಳಲ್ಲಿ ಮರಳಿನ ಜೊತೆ ಬೇರೆ ಬೇರೆ ಕಳೆಗಳ ಬೀಜ ತುಂಬಿ ನೆಲದಲ್ಲಿ ಹೂತಿಟ್ಟರು. ಬೀಜ ಎಷ್ಟು ವರ್ಷ ಜೀವ ಹಿಡಿದಿರುತ್ತದೆ ಎಂದು ನೋಡುವುದು ಅವರ ಉದ್ದೇಶ. ಬೀಲ್ ತೀರಿಕೊಂಡ ಮೇಲೂ ಆ ಕೆಲಸ ನಿಂತಿಲ್ಲ. ಹಲವು ವರ್ಷಗಳಿಗೊಮ್ಮೆ ಒಂದು ಬಾಟಲಿ ತೆಗೆಯುತ್ತಾರೆ. 2021ರಲ್ಲಿ ಒಂದನ್ನು ತೆಗೆದರು. ಬೆಳಕು ತಾಗಿ ಬೀಜ ಮೊದಲೇ ಎಚ್ಚರಾಗಬಾರದು ಎಂದು ರಾತ್ರಿ ಹೊತ್ತಿನಲ್ಲಿ ಅಗೆದರು. 142 ವರ್ಷ ಮಣ್ಣಿನಲ್ಲಿದ್ದ ಆ ಬೀಜಗಳಲ್ಲಿ ಕೆಲವು ಮೊಳೆತವು! ಕತ್ತಲಲ್ಲಿ ಅಗೆದರು ಎನ್ನುವುದನ್ನು ನೆನಪಿಡಿ. ನಿಮ್ಮ ಲಾನ್‌ನಲ್ಲಿ ನೀವು ಸುಮ್ನೆ ಮಣ್ಣು ಕೆದಕಿದಾಗಲೆಲ್ಲ ಕೆಳಗೆ ಮಲಗಿದ್ದ ಒಂದಷ್ಟು ಬೀಜಕ್ಕೆ ಬೆಳಕು ತೋರಿಸುತ್ತೀರಿ. ಬೀಜ ಅಲ್ಲೇ ಇರಲಿ, ಏಳಲು ಅವಕಾಶ ಸಿಗದಿರಲಿ. ನಮ್ಮ ಕೈಯಲ್ಲಿರುವುದು ಅಷ್ಟು.

ಈಗ ಹುಲ್ಲಿನ ವಿಷಯಕ್ಕೆ ಬರೋಣ. ನಿಮ್ಮ ಲಾನ್‌ನಲ್ಲಿರುವುದು ಯಾವ ಹುಲ್ಲು ಎಂದು ಗೊತ್ತಿರುವವರು ಕೈ ಎತ್ತಿ ನೋಡೋಣ. ಕೆಲವೇ ಕೈಗಳು. ಇದು ಗೊತ್ತಿಲ್ಲದಿದ್ದರೆ ಯಾವ ತಿಂಗಳಲ್ಲಿ ಏನು ಮಾಡಬೇಕು ಎಂದು ಯಾರೂ ನಿಮಗೆ ಹೇಳಲಾರರು. ಲಾನ್ ಹುಲ್ಲುಗಳಲ್ಲಿ ಎರಡು ಗುಂಪು. ಒಂದು ತಂಪು ಕಾಲದ ಹುಲ್ಲು. ಕೆಂಟಕಿ ಬ್ಲೂಗ್ರಾಸ್, ರೈಗ್ರಾಸ್, ಫೆಸ್ಕ್ಯೂ ಇದಕ್ಕೆ ಸೇರಿದವು. ಗಾಳಿಯ ಬಿಸಿ 15ರಿಂದ 24 ಡಿಗ್ರಿ ಸೆಲ್ಸಿಯಸ್ ಇದ್ದಾಗ ಇವು ಚೆನ್ನಾಗಿ ಬೆಳೆಯುತ್ತವೆ. ಸುಡುಬೇಸಿಗೆಯಲ್ಲಿ ಬೆಳವಣಿಗೆ ನಿಲ್ಲಿಸುತ್ತವೆ. ಇನ್ನೊಂದು ಬಿಸಿ ಕಾಲದ ಹುಲ್ಲು. ನಮ್ಮ ಗರಿಕೆ ಇದೇ ಗುಂಪಿನದು, ಹೊರಗಡೆ ಅದನ್ನು ಬರ್ಮುಡಾ ಎನ್ನುತ್ತಾರೆ. ಜೋಯ್ಸಿಯಾ, ಸೇಂಟ್ ಆಗಸ್ಟೀನ್ ಕೂಡ ಇಲ್ಲಿಗೇ ಸೇರುತ್ತವೆ. ಇವಕ್ಕೆ 27ರಿಂದ 35 ಡಿಗ್ರಿ ಬೇಕು. ಚಳಿ ಹೆಚ್ಚಾದರೆ ಕಂದು ಬಣ್ಣಕ್ಕೆ ತಿರುಗಿ ಮಲಗಿಬಿಡುತ್ತವೆ.

ಎರಡಕ್ಕೂ ಒಂದೇ ನಿಯಮ. ಹುಲ್ಲು ಬೆಳೆಯುವ ಹೊತ್ತಿನಲ್ಲಿ ಅದಕ್ಕೆ ಗೊಬ್ಬರ ಕೊಡಿ, ಬೀಜ ಹಾಕಿ, ಗಟ್ಟಿಯಾದ ನೆಲವನ್ನು ಚುಚ್ಚಿ ಸಡಿಲಿಸಿ. ಮಲಗಿರುವಾಗ ಬಿಟ್ಟುಬಿಡಿ. ತಂಪು ಕಾಲದ ಹುಲ್ಲಿಗೆ ದೊಡ್ಡ ಕೆಲಸದ ಹೊತ್ತು ಬೇಸಿಗೆ ಮುಗಿದು ತಂಪು ಶುರುವಾಗುವಾಗ. ಬಿಸಿ ಕಾಲದ ಹುಲ್ಲಿಗೆ ಬೇಸಿಗೆ ಕಾಲಿಡುವಾಗ. ಒಂದು ಹುಲ್ಲಿನ ಪಟ್ಟಿಯನ್ನು ಇನ್ನೊಂದಕ್ಕೆ ಹಾಕಿದರೆ ಮಲಗಿದ ಹುಲ್ಲಿಗೆ ಗೊಬ್ಬರ ಸುರಿದ ಹಾಗಾಗುತ್ತದೆ. ಅದನ್ನು ಉಣ್ಣುವುದು ಆ ಕಾಲಕ್ಕೆ ಎಚ್ಚರವಿರುವ ಕಳೆ.

ಕತ್ತರಿಸುವ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಹೆಚ್ಚಿನ ಲಾನ್ ಹಾಳಾಗುವುದು ಇಲ್ಲೇ. ಹುಲ್ಲು ಬೆಳೆಯುವುದು ತುದಿಯಿಂದಲ್ಲ, ನೆಲಕ್ಕೆ ಅಂಟಿಕೊಂಡಿರುವ ಬುಡದಿಂದ. ಅದಕ್ಕೇ ಕತ್ತರಿಸಿದರೂ ಸಾಯುವುದಿಲ್ಲ. ಆದರೆ ಗರಿಯೇ ಅದರ ಅಡುಗೆಮನೆ. ಅದನ್ನು ಬೋಳಿಸಿದರೆ ಬೇರಿಗೆ ಊಟವಿಲ್ಲ, ಬೇರು ಗಿಡ್ಡವಾಗುತ್ತದೆ. ಗಿಡ್ಡ ಬೇರಿನ ಹುಲ್ಲು ಮೊದಲ ಒಣಹವೆಗೇ ಬಾಡುತ್ತದೆ. ಆದ್ದರಿಂದ ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಹುಲ್ಲನ್ನು 6 ಸೆಂಟಿಮೀಟರ್‌ನಲ್ಲಿ ಇಡಬೇಕಿದ್ದರೆ, ಅದು 9 ಆದಾಗ ಕತ್ತರಿಸಿ. ಮಳೆಗಾಲದಲ್ಲಿ ಬಿಟ್ಟು 18 ಆಗಿಬಿಟ್ಟಿದ್ದರೆ? ಮೊದಲು 12ಕ್ಕೆ ಇಳಿಸಿ, ಕೆಲವು ದಿನ ಬಿಟ್ಟು ಇನ್ನೊಂದು ಸಲ ಇಳಿಸಿ.

ಎತ್ತರ ಎಷ್ಟಿರಬೇಕು? ಟಾಲ್ ಫೆಸ್ಕ್ಯೂ ಎಂಬ ಎತ್ತರದ ಜಾತಿಯ ಫೆಸ್ಕ್ಯೂಗೆ 7ರಿಂದ 10 ಸೆಂಟಿಮೀಟರ್, ಬ್ಲೂಗ್ರಾಸ್‌ಗೆ 6ರಿಂದ 9, ಸೇಂಟ್ ಆಗಸ್ಟೀನ್‌ಗೂ ಸುಮಾರು ಹಾಗೆಯೇ. ಗರಿಕೆ ಮತ್ತು ಜೋಯ್ಸಿಯಾ ನೆಲದ ಮೇಲೆ ಹರಡುವ ಹುಲ್ಲುಗಳು, ಅವಕ್ಕೆ ಎರಡೂವರೆಯಿಂದ 4 ಸೆಂಟಿಮೀಟರ್ ಸಾಕು. ಬೇಸಿಗೆಯಲ್ಲಿ ತಂಪು ಕಾಲದ ಹುಲ್ಲನ್ನು ಈ ಅಳತೆಯ ಮೇಲಿನ ತುದಿಯಲ್ಲಿಡಿ. ಎತ್ತರದ ಹುಲ್ಲು ನೆಲಕ್ಕೆ ನೆರಳು ಮಾಡುತ್ತದೆ, ನೆರಳಿನಲ್ಲಿ ಕಳೆಬೀಜ ಏಳುವುದು ಕಡಿಮೆ. ನನ್ನ ಪ್ರಕಾರ ಕತ್ತರಿಸುವ ಯಂತ್ರವನ್ನು ಒಂದು ಗೇಣು ಮೇಲಕ್ಕೆ ಅಲ್ಲ, ಒಂದು ಬೆರಳು ಮೇಲಕ್ಕೆ ಏರಿಸಿದರೂ ಕಳೆನಾಶಕದ ಒಂದು ಸುತ್ತು ಉಳಿತಾಯವಾಗುತ್ತದೆ.

ಕತ್ತರಿಸಿದ ಗರಿಯನ್ನು ಗುಡಿಸಿ ಎಸೆಯುವವರು ತುಂಬಾ ಜನ. ಬೇಡ, ಅಲ್ಲೇ ಬಿಡಿ. ಅದು ಬೇಗ ಕೊಳೆತು ಸಾರಜನಕವನ್ನು ಮಣ್ಣಿಗೆ ವಾಪಸ್ ಕೊಡುತ್ತದೆ, ವರ್ಷದ ಅಗತ್ಯದ ಕಾಲು ಭಾಗದವರೆಗೂ ಹೀಗೇ ಸಿಗಬಹುದು. ಹುಲ್ಲಿನ ಬುಡದಲ್ಲಿ ಕಟ್ಟಿಕೊಳ್ಳುವ ಒಣ ಪದರಕ್ಕೆ ಈ ಗರಿ ಕಾರಣವಲ್ಲ. ಆ ಪದರ ಆಗುವುದು ಬೇಗ ಕೊಳೆಯದ ಕಾಂಡ ಮತ್ತು ಬೇರುಗಳಿಂದ. ಬೆರಳು ತೂರಿಸಿ ನೋಡಿ. ಒಂದು ಸೆಂಟಿಮೀಟರ್‌ಗಿಂತ ದಪ್ಪವಾಗಿದ್ದರೆ ಹಲ್ಲಿನ ರೇಕ್ ಹಾಕಿ ಎಳೆದು ತೆಗೆಯಬೇಕು. ಇಲ್ಲದಿದ್ದರೆ ನೀರೂ ಬೀಜವೂ ಮಣ್ಣು ಮುಟ್ಟುವುದಿಲ್ಲ.

ನೀರಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬೆಳೆಯುವ ಹುಲ್ಲಿಗೆ ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು, ಮಳೆಯೂ ಸೇರಿ. ಅಂದರೆ ಒಂದು ಚದರ ಮೀಟರ್‌ಗೆ 25 ಲೀಟರ್. ಅದನ್ನು ದಿನಾ ಚಿಮುಕಿಸುವ ಬದಲು ಒಂದೆರಡು ಸಲ ಆಳಕ್ಕೆ ಇಳಿಯುವಂತೆ, ಬೆಳಗಿನ ಜಾವ ಕೊಡಿ. ನೇರ ಗೋಡೆಯ ಒಂದು ಡಬ್ಬಿಯನ್ನು ಸ್ಪ್ರಿಂಕ್ಲರ್ ಕೆಳಗಿಟ್ಟರೆ ಎಷ್ಟು ಬಿತ್ತು ಎಂದು ಗೊತ್ತಾಗುತ್ತದೆ. ಹುಲ್ಲಿಗೆ ಬಾಯಾರಿದೆಯೇ ಎಂದು ನೋಡಲು ಅದರ ಮೇಲೆ ನಡೆಯಿರಿ. ಹೆಜ್ಜೆ ಗುರುತು ಏಳದೆ ಹಾಗೇ ಉಳಿದರೆ ನೀರಿನ ಹೊತ್ತು ಬಂತು.

ಗೊಬ್ಬರ ಕೊಡುವಾಗ ಒಂದು ಲೆಕ್ಕ ತಲೆಯಲ್ಲಿರಲಿ. ಒಂದು ಸಲಕ್ಕೆ ಚದರ ಮೀಟರ್‌ಗೆ 5 ಗ್ರಾಂ ಸಾರಜನಕ ಮೇಲ್ಮಿತಿ. ಯೂರಿಯಾದಲ್ಲಿ 46 ಶೇಕಡಾ ಸಾರಜನಕ ಇರುತ್ತದೆ, ಆದ್ದರಿಂದ 11 ಗ್ರಾಂ ಯೂರಿಯಾ ಆಗುತ್ತದೆ. ಒಂದು ಚದರ ಮೀಟರ್‌ಗೆ 11 ಗ್ರಾಂ ಅಂದರೆ ಕಣ್ಣಿಗೆ ಏನೂ ಅಲ್ಲ ಅನ್ನಿಸುತ್ತದೆ. ಕೈಯಲ್ಲಿ ಎರಚುವವರು ಇದರ ಎರಡು ಮೂರು ಪಟ್ಟು ಹಾಕಿ ಹುಲ್ಲು ಸುಡುವುದು ಅದಕ್ಕೇ. ತೂಕ ಮಾಡಿ ಹಾಕಿ, ಹಾಕಿದ ತಕ್ಷಣ ನೀರು ಕೊಡಿ.

ಗೊಬ್ಬರ ಬದಲಾದರೆ ನೆಲದ ಮೇಲಿನ ಗಿಡಗಳೇ ಬದಲಾಗುತ್ತವೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1856ರಿಂದ ಇವತ್ತಿನವರೆಗೂ ಒಂದು ಹುಲ್ಲುಗಾವಲಿನ ಪ್ರಯೋಗ ನಡೆಯುತ್ತಿದೆ. ಒಂದೇ ಗಾವಲನ್ನು ಪಟ್ಟಿ ಪಟ್ಟಿಯಾಗಿ ಭಾಗ ಮಾಡಿ ಬೇರೆ ಬೇರೆ ಗೊಬ್ಬರ ಕೊಡುತ್ತಾ ಬಂದಿದ್ದಾರೆ. ಏನೂ ಹಾಕದ ಪಟ್ಟಿಗಳಲ್ಲಿ ಹತ್ತಾರು ಬಗೆಯ ಗಿಡಗಳಿವೆ. ಸಾರಜನಕ ಜಾಸ್ತಿ ಬಿದ್ದ ಕಡೆ ಕೆಲವೇ ಹುಲ್ಲುಗಳು ಉಳಿದಿವೆ. ಸಾರಜನಕ ಬಿಟ್ಟು ರಂಜಕ, ಪೊಟ್ಯಾಷ್ ಕೊಟ್ಟ ಕಡೆ ದ್ವಿದಳ ಜಾತಿಯ ಗಿಡಗಳು ಮೇಲಾಗಿವೆ. ಅಲ್ಲಿ ಬೀಜ ಬಿತ್ತಿದವರು ಯಾರೂ ಇಲ್ಲ. ನೆಲದ ಊಟವನ್ನು ನೋಡಿ ಗಿಡಗಳೇ ಜಾಗ ಹಂಚಿಕೊಂಡಿವೆ.

ಈ ಕಣ್ಣಿನಿಂದ ನಿಮ್ಮ ಕಳೆಗಳನ್ನು ನೋಡಿ. ಲಾನ್ ತುಂಬಾ ಕ್ಲೋವರ್ ಎಂಬ ಮೂರೆಲೆಯ ದ್ವಿದಳ ಗಿಡ ಹಬ್ಬಿದ್ದರೆ ಹುಲ್ಲಿಗೆ ಸಾರಜನಕ ಸಾಲುತ್ತಿಲ್ಲ. ಕ್ಲೋವರ್ ಗಾಳಿಯಿಂದ ತನ್ನ ಸಾರಜನಕ ತಾನೇ ಪಡೆಯುತ್ತದೆ, ಆದ್ದರಿಂದ ಅದಕ್ಕೆ ಕೊರತೆಯಿಲ್ಲ. ಜೇಕು ಎದ್ದಿದ್ದರೆ ಅಲ್ಲಿ ನೀರು ನಿಲ್ಲುತ್ತಿರಬಹುದು. ಪ್ಲಾಂಟೇನ್ ಎಂಬ ಅಗಲ ಎಲೆಯ ಕಳೆ ಬಂದಿದ್ದರೆ ನೆಲ ತುಳಿತಕ್ಕೆ ಗಟ್ಟಿಯಾಗಿದೆ. ಮರದ ಕೆಳಗೆ ಪಾಚಿ ಬಂದಿದ್ದರೆ ನೆರಳು ಮತ್ತು ತೇವ ಜಾಸ್ತಿ. ಕಾರಣ ಹಾಗೇ ಬಿಟ್ಟು ಗಿಡವನ್ನು ಮಾತ್ರ ತೆಗೆದರೆ ಅದೇ ಗಿಡ ಮತ್ತೆ ಬರುತ್ತದೆ.

ಕ್ಲೋವರ್ ಬಗ್ಗೆ ಇನ್ನೊಂದು ಮಾತು. ಅಮೆರಿಕದಲ್ಲಿ ಒಂದು ಕಾಲಕ್ಕೆ ಲಾನ್ ಬೀಜದ ಪೊಟ್ಟಣದಲ್ಲೇ ಬಿಳಿ ಕ್ಲೋವರ್ ಬೀಜ ಬೆರೆಸಿ ಮಾರುತ್ತಿದ್ದರು. 1940ರ ದಶಕದ ಮಧ್ಯದಲ್ಲಿ 2,4-ಡಿ ಎಂಬ ಕಳೆನಾಶಕ ಪೇಟೆಗೆ ಬಂತು. ಅದು ಹುಲ್ಲನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ. ಕ್ಲೋವರ್‌ಗೂ ಏಟು ಬಿತ್ತು. ಆಮೇಲೆ ಜನರು ಅದನ್ನು ಕಳೆ ಎಂದು ಕರೆಯತೊಡಗಿದರು. ಜೇನಿಗೆ ಹೂ, ಮಣ್ಣಿಗೆ ಸಾರಜನಕ ಕೊಡುವ ಗಿಡ ಅದು. ನಿಮ್ಮ ಲಾನ್‌ನಲ್ಲಿ ಸ್ವಲ್ಪ ಕ್ಲೋವರ್ ಇದ್ದರೆ ಇರಲಿ ಬಿಡಿ ಎಂದೇ ನಾನು ಹೇಳುತ್ತೇನೆ.

ಈಗ ಕಳೆ ತೆಗೆಯುವ ಕೆಲಸ. ಮೊದಲು ಆ ಕಳೆ ಒಂದೇ ವರ್ಷ ಬದುಕುವುದೋ, ವರ್ಷ ವರ್ಷ ಉಳಿಯುವುದೋ ಎಂದು ತಿಳಿಯಬೇಕು. ಒಂದು ವರ್ಷದ್ದಾದರೆ ನಿಮ್ಮ ಕೆಲಸ ಅದು ಬೀಜ ಕಟ್ಟದ ಹಾಗೆ ನೋಡಿಕೊಳ್ಳುವುದು. ಬೇಸಿಗೆಯಲ್ಲಿ ಹಬ್ಬುವ ಕ್ರ್ಯಾಬ್‌ಗ್ರಾಸ್ ಎಂಬ ಹುಲ್ಲಿನಂಥ ಕಳೆ ಅಂಥದ್ದು. ನೆಲದ 5 ಸೆಂಟಿಮೀಟರ್ ಆಳದಲ್ಲಿ ಬಿಸಿ 13 ಡಿಗ್ರಿ ದಾಟಿ ಕೆಲವು ದಿನ ಹಾಗೇ ನಿಂತರೆ ಅದು ಮೊಳೆಯತೊಡಗುತ್ತದೆ. ಚಳಿಯಲ್ಲಿ ಬರುವ ಪೋವಾ ಎಂಬ ಹುಲ್ಲಿನಂಥ ಕಳೆ ಇದಕ್ಕೆ ತದ್ವಿರುದ್ಧ. ಬೇಸಿಗೆ ಕಳೆದು ಮಣ್ಣು 21 ಡಿಗ್ರಿಗಿಂತ ಕೆಳಗೆ ತಣಿಯುವಾಗ ಅದು ಮೊಳೆಯುತ್ತದೆ. ಎಷ್ಟೇ ಗಿಡ್ಡ ಕತ್ತರಿಸಿದರೂ ನೆಲಕ್ಕೆ ಒತ್ತಿಕೊಂಡೇ ತೆನೆ ಬಿಡುತ್ತದೆ. ಮಣ್ಣಿನ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ ಎಂದು ನಾನು ಹೋದಲ್ಲೆಲ್ಲ ಹೇಳುವುದು ಇದಕ್ಕೆ. ಕ್ಯಾಲೆಂಡರ್‌ಗಿಂತ ಅದು ನಂಬಿಕಸ್ಥ.

ಮೊಳೆಯುವ ಮೊದಲೇ ಹಾಕುವ ಔಷಧಿಗಳಿವೆ. ಪೆಂಡಿಮೆಥಾಲಿನ್ ಒಂದು ಉದಾಹರಣೆ. ಇದು ಮಣ್ಣಿನ ಮೇಲ್ಪದರದಲ್ಲಿ ಕೂತು, ಮೊಳಕೆಯ ಬೇರು ಬೆಳೆಯದಂತೆ ತಡೆಯುತ್ತದೆ. ಆಗಲೇ ಬೆಳೆದು ನಿಂತ ಕಳೆಗೆ ಇದರಿಂದ ಏನೂ ಆಗುವುದಿಲ್ಲ. ಹಾಗಾಗಿ ಕ್ರ್ಯಾಬ್‌ಗ್ರಾಸ್ ತಡೆಯಲು ಮಣ್ಣು 13 ಡಿಗ್ರಿ ಮುಟ್ಟುವ ಮೊದಲೇ ಹಾಕಿ ನೀರು ಕೊಡಬೇಕು, ತಡವಾದರೆ ಹಾಕಿದ್ದು ವ್ಯರ್ಥ. ಇನ್ನೊಂದು ವಿಷಯ, ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಈ ಔಷಧಿಗೆ ಕಳೆಬೀಜ, ಹುಲ್ಲಿನ ಬೀಜ ಎಂಬ ಭೇದ ಗೊತ್ತಿಲ್ಲ. ಇದನ್ನು ಹಾಕಿದ ಮೇಲೆ ಎರಡರಿಂದ ನಾಲ್ಕು ತಿಂಗಳು ಹೊಸ ಹುಲ್ಲು ಬಿತ್ತುವಂತಿಲ್ಲ. ಎಷ್ಟು ದಿನ ಎಂದು ಲೇಬಲ್‌ನಲ್ಲೇ ಬರೆದಿರುತ್ತಾರೆ. ಬೀಜ ಬಿತ್ತುವ ಯೋಚನೆ ಇದ್ದರೆ ಆ ಋತುವಿನಲ್ಲಿ ಈ ಔಷಧಿ ಬಿಡಿ.

ವರ್ಷ ವರ್ಷ ಉಳಿಯುವ ಕಳೆಗಳ ಬಲ ಇರುವುದು ನೆಲದೊಳಗೆ. ಹಳದಿ ಹೂವಿನ ಡ್ಯಾಂಡೆಲಿಯನ್ ಕಳೆಗೆ ಉದ್ದದ ತಾಯಿಬೇರು. ಅರ್ಧ ಕಿತ್ತರೆ ಉಳಿದ ತುಂಡಿನಿಂದ ಮತ್ತೆ ಚಿಗುರುತ್ತದೆ. ಮಳೆ ಬಂದ ಮರುದಿನ, ಮಣ್ಣು ಮೆತ್ತಗಿರುವಾಗ ಉದ್ದ ಮೊನೆಯ ಉಪಕರಣದಿಂದ ಬುಡ ಸಡಿಲಿಸಿ ಪೂರ್ತಿ ಎಳೆಯಿರಿ. ಇಂಥ ಅಗಲ ಎಲೆಯ ಕಳೆಗಳಿಗೆ ಔಷಧಿ ಹೊಡೆಯಲೇಬೇಕೆಂದರೆ ಚಳಿ ಶುರುವಾಗುವ ಮುಂಚಿನ ದಿನಗಳು ಒಳ್ಳೆಯವು. ಆಗ ಗಿಡ ಸಕ್ಕರೆಯನ್ನು ಬೇರಿಗೆ ಇಳಿಸುತ್ತಿರುತ್ತದೆ, ಅದರ ಜೊತೆ ಔಷಧಿಯೂ ಇಳಿಯುತ್ತದೆ.

ಜೇಕು ಬೇರೆಯೇ ಕಥೆ. ಕೊನ್ನಾರಿ ಎಂದೂ ಹೇಳುತ್ತೀರಿ. ಕಾಂಡವನ್ನು ಬೆರಳಲ್ಲಿ ಹೊರಳಿಸಿ ನೋಡಿ, ಮೂರು ಮೂಲೆ ಸಿಗುತ್ತದೆ. ಅದು ಹುಲ್ಲೇ ಅಲ್ಲ. ನೆಲದ ಕೆಳಗೆ ಗೆಡ್ಡೆಗೆ ಗೆಡ್ಡೆ ಪೋಣಿಸಿಕೊಂಡಿರುತ್ತದೆ. ಮೇಲಿನ ಗಿಡ ಇರುವಷ್ಟು ದಿನ ಕೆಳಗಿನ ಹಲವು ಗೆಡ್ಡೆಗಳು ಸುಮ್ಮನಿರುತ್ತವೆ. ನೀವು ಎಳೆದು ಸರ ಕಡಿದರೆ ಅವೆಲ್ಲ ಒಟ್ಟಿಗೆ ಚಿಗುರುತ್ತವೆ. ಹಾಗಂತ ಕೀಳಬಾರದು ಎಂದಲ್ಲ. ಐದಾರು ಎಲೆ ಬರುವ ಮೊದಲೇ, ಹೊಸ ಗೆಡ್ಡೆ ಕಟ್ಟುವ ಮೊದಲೇ ಕೀಳಬೇಕು. ಬಂದಷ್ಟೂ ಸಲ ಬಿಡದೆ ಕೀಳಬೇಕು. ಹಳೆಯ ಗೆಡ್ಡೆಯ ದಾಸ್ತಾನು ಖಾಲಿಯಾಗುವವರೆಗೆ ಇದು ನಡೆಯಬೇಕು. 2,4-ಡಿಯಿಂದ ಜೇಕು ಪೂರ್ತಿ ಹೋಗುವುದಿಲ್ಲ. ಅದಕ್ಕೆ ಹ್ಯಾಲೋಸಲ್ಫ್ಯೂರಾನ್‌ನಂಥ ಬೇರೆ ಔಷಧಿ ಇದೆ. ಅದಕ್ಕೂ ಮೊದಲು ಆ ಜಾಗದ ನೀರು ಹರಿದುಹೋಗುವ ದಾರಿ ನೋಡಿ.

ಔಷಧಿ ಹೊಡೆಯುವವರಿಗೆ ಕೆಲವು ಮಾತು. ನಿಮ್ಮ ಹುಲ್ಲಿನ ಹೆಸರು ಲೇಬಲ್ ಮೇಲೆ ಇದೆಯೇ ನೋಡಿ. ಒಂದು ಹುಲ್ಲು ತಡೆಯುವ ಔಷಧಿ ಇನ್ನೊಂದನ್ನು ಸುಡುತ್ತದೆ. ಗಾಳಿ ಇರುವಾಗ, 30 ಡಿಗ್ರಿ ಬಿಸಿಲಿನಲ್ಲಿ ಹೊಡೆಯಬೇಡಿ. ಹೊಡೆಯುವ ಎರಡು ದಿನ ಮೊದಲು ಮತ್ತು ಎರಡು ದಿನ ಆಮೇಲೆ ಹುಲ್ಲು ಕತ್ತರಿಸಬೇಡಿ, ಎಲೆ ಇದ್ದರೆ ತಾನೇ ಔಷಧಿ ಒಳಗೆ ಹೋಗುವುದು. ಲಾನ್ ಪೂರ್ತಿ ತೋಯಿಸುವ ಬದಲು ಕಳೆ ಇರುವಲ್ಲಿ ಮಾತ್ರ ಹೊಡೆಯಿರಿ. ತುಂಬು ತೋಳಿನ ಬಟ್ಟೆ, ಕೈಗವಸು ಇರಲಿ. ಲೇಬಲ್ ಹೇಳಿದಷ್ಟು ಹೊತ್ತು, ಕಡೇಪಕ್ಷ ಪೂರ್ತಿ ಒಣಗುವವರೆಗೆ, ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಬಿಡಬೇಡಿ. ಔಷಧಿ ತಾಗಿದ ಹುಲ್ಲನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಕ್ಲೋಪೈರಾಲಿಡ್‌ನಂಥ ಔಷಧಿ ಗೊಬ್ಬರವಾಗಿ ಕೊಳೆತ ಮೇಲೂ ಉಳಿದು, ಅದನ್ನು ಹಾಕಿದ ಟೊಮೆಟೊ, ಬೀನ್ಸ್ ಗಿಡಗಳ ಎಲೆ ಮುರುಟಿಸುತ್ತದೆ.

ಕಳೆ ಹೋಯಿತು ಎಂದುಕೊಳ್ಳಿ. ಅಲ್ಲಿ ಈಗ ಬರಿ ನೆಲ. ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಆ ಖಾಲಿ ಜಾಗವನ್ನು ನೀವು ಹುಲ್ಲಿನಿಂದ ತುಂಬದಿದ್ದರೆ ಇನ್ನೊಂದು ಕಳೆ ತುಂಬುತ್ತದೆ. ಇರುವ ಹುಲ್ಲನ್ನು ಹಾಗೇ ಬಿಟ್ಟು ಅದರ ನಡುವೆ ಹೊಸ ಬೀಜ ಚೆಲ್ಲುವುದು, ಅಂದರೆ ಮರುಬಿತ್ತನೆ, ನನ್ನ ಮಟ್ಟಿಗೆ ಕಳೆ ನಿಯಂತ್ರಣದ ಮುಖ್ಯ ಭಾಗ.

ಹೊತ್ತು ಯಾವುದು? ತಂಪು ಕಾಲದ ಹುಲ್ಲಿಗೆ ಬೇಸಿಗೆ ತಗ್ಗಿ ಮಣ್ಣು 10ರಿಂದ 18 ಡಿಗ್ರಿಗೆ ಬಂದಾಗ. ಹಿಮ ಬೀಳುವ ಊರಾದರೆ ಮೊದಲ ಹಿಮಕ್ಕೆ ಆರು ವಾರ ಮೊದಲು ಮುಗಿಸಿ. ಬಿಸಿ ಕಾಲದ ಹುಲ್ಲಿಗೆ ಮಣ್ಣು 20 ಡಿಗ್ರಿ ದಾಟಿದ ಮೇಲೆ. ಬಿಸಿ ಕಾಲದವರಿಗೆ ಒಂದು ಎಚ್ಚರಿಕೆ. ಮಿಶ್ರತಳಿಯ ಬರ್ಮುಡಾ ಹಲವು ಬಂಜೆ, ಅವಕ್ಕೆ ಮೊಳೆಯುವ ಬೀಜವೇ ಇಲ್ಲ. ಸೇಂಟ್ ಆಗಸ್ಟೀನ್ ಅನ್ನೂ ಹೆಚ್ಚಾಗಿ ಬಳ್ಳಿ ಅಥವಾ ತುಂಡಿನಿಂದಲೇ ಬೆಳೆಸುತ್ತಾರೆ. ಅಂಥವಕ್ಕೆ ಬೀಜದ ಬದಲು ದಟ್ಟವಾಗಿರುವ ಕಡೆಯಿಂದ ಬೇರು ಮಣ್ಣು ಸಹಿತ ತುಂಡು ತೆಗೆದು ಖಾಲಿ ಜಾಗದಲ್ಲಿ ನೆಡಿ.

ಬೀಜ ಕೊಳ್ಳುವಾಗ ಚೀಲದ ಮುಂದಿನ ಚಿತ್ರ ಬಿಟ್ಟು ಹಿಂದಿನ ಚೀಟಿ ಓದಿ. ಶುದ್ಧತೆ ಎಷ್ಟು, ಮೊಳೆಯುವ ಪ್ರಮಾಣ ಎಷ್ಟು, ಕಳೆಬೀಜ ಎಷ್ಟು, ಪರೀಕ್ಷೆ ಮಾಡಿದ ದಿನ ಯಾವುದು. ಶುದ್ಧತೆ 95 ಶೇಕಡಾ, ಮೊಳೆಯುವುದು 85 ಶೇಕಡಾ ಎಂದಿದ್ದರೆ ಒಂದು ಕಿಲೋದಲ್ಲಿ ಜೀವ ಇರುವ ಬೀಜ ಸುಮಾರು 810 ಗ್ರಾಂ ಮಾತ್ರ. ಕಳೆಬೀಜ ಅರ್ಧ ಶೇಕಡಾ ಎಂದಿದ್ದರೆ ಒಂದು ಕಿಲೋಗೆ 5 ಗ್ರಾಂ ಕಳೆಯನ್ನು ನೀವೇ ಬಿತ್ತುತ್ತೀರಿ. ಹಳೆಯ ಚೀಲ ಉಳಿದಿದ್ದರೆ 100 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆಯುತ್ತದೆ ನೋಡಿ.

ಹುಲ್ಲಿಗೆ ಹುಲ್ಲಿಗೆ ಅಳತೆ ಬೇರೆ. ಬ್ಲೂಗ್ರಾಸ್ ಬೀಜ ತೀರಾ ಸಣ್ಣದು, ಒಂದು ಕಿಲೋದಲ್ಲಿ 20 ಲಕ್ಷಕ್ಕಿಂತ ಹೆಚ್ಚು ಬೀಜ. ರೈಗ್ರಾಸ್ ಒಂದು ಕಿಲೋಗೆ ಸುಮಾರು 5 ಲಕ್ಷ. ಆದ್ದರಿಂದ ಮರುಬಿತ್ತನೆಗೆ ಚದರ ಮೀಟರ್‌ಗೆ ಬ್ಲೂಗ್ರಾಸ್ 5ರಿಂದ 7 ಗ್ರಾಂ ಸಾಕಾದರೆ, ರೈಗ್ರಾಸ್ ಅಥವಾ ಎತ್ತರದ ಫೆಸ್ಕ್ಯೂ 20 ಗ್ರಾಂ ಹತ್ತಿರ ಬೇಕು. ರೈಗ್ರಾಸ್ 5ರಿಂದ 10 ದಿನದಲ್ಲಿ ಮೊಳೆಯುತ್ತದೆ. ಬ್ಲೂಗ್ರಾಸ್‌ಗೆ ಎರಡರಿಂದ ನಾಲ್ಕು ವಾರ ಬೇಕು. ಎರಡು ವಾರಕ್ಕೇ ಬೀಜ ಕೆಟ್ಟಿತ್ತು ಎಂದು ನೀರು ನಿಲ್ಲಿಸಿಬಿಡುವವರು ಇದ್ದಾರೆ. ಮೊಳಕೆ ಹೊರಬರುವ ಹೊತ್ತಿಗೇ ಅದನ್ನು ಒಣಗಿಸಿ ಕೊಂದಂತಾಗುತ್ತದೆ.

ಮರುಬಿತ್ತನೆ ಕೆಡುವುದಕ್ಕೆ ಸಾಮಾನ್ಯ ಕಾರಣ ಬೀಜ ಮಣ್ಣಿಗೆ ತಾಗದಿರುವುದು. ಹುಲ್ಲಿನ ಮೇಲೆ ಸುಮ್ನೆ ಎರಚಿದ ಬೀಜ ಗರಿಗಳ ನಡುವೆ ಸಿಕ್ಕಿ ಒಣಗುತ್ತದೆ, ಇಲ್ಲವೇ ಹಕ್ಕಿಗೆ ಸಿಗುತ್ತದೆ. ಈ ಒಂದು ಸಲ ಮಾತ್ರ ಹುಲ್ಲನ್ನು ಮಾಮೂಲಿಗಿಂತ ಗಿಡ್ಡ ಕತ್ತರಿಸಿ, ಕತ್ತರಿಸಿದ್ದನ್ನು ತೆಗೆಯಿರಿ. ರೇಕ್ ಎಳೆದು ಒಣ ಪದರ ಬಿಡಿಸಿ, ಅಲ್ಲಲ್ಲಿ ಮಣ್ಣು ಕಾಣಬೇಕು. ನೆಲ ಗಟ್ಟಿಯಾಗಿದ್ದರೆ ಮಣ್ಣಿನ ಕೊಳವೆಗಳನ್ನೇ ಹೊರತೆಗೆಯುವ ಯಂತ್ರದಿಂದ 5ರಿಂದ 8 ಸೆಂಟಿಮೀಟರ್ ಆಳ ಚುಚ್ಚಿಸಿ. ಬರಿ ಮೊಳೆಯಿಂದ ಚುಚ್ಚಿದರೆ ಸುತ್ತಲಿನ ಮಣ್ಣು ಇನ್ನಷ್ಟು ಒತ್ತಿಕೊಳ್ಳುತ್ತದೆ. ಮೊದಲು ನೆಲ ಕೆದಕಬೇಡಿ ಎಂದಿರಿ, ಈಗ ಕೆದಕಿ ಎನ್ನುತ್ತೀರಲ್ಲ ಎಂದು ಅಲ್ಲಿ ಒಬ್ಬರು ಕೇಳುತ್ತಿದ್ದಾರೆ. ಒಳ್ಳೆಯ ಪ್ರಶ್ನೆ. ಕೆದಕಿದ ದಿನವೇ ಹುಲ್ಲಿನ ಬೀಜ ಬೀಳಬೇಕು, ಅದೂ ಹುಲ್ಲು ವೇಗವಾಗಿ ಬೆಳೆಯುವ ಕಾಲದಲ್ಲಿ. ಆಗ ಓಟದಲ್ಲಿ ಹುಲ್ಲು ಮುಂದಿರುತ್ತದೆ.

ಬೀಜವನ್ನು ಎರಡು ಪಾಲು ಮಾಡಿ. ಒಂದು ಪಾಲು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಚೆಲ್ಲಿ. ಅರ್ಧ ಸೆಂಟಿಮೀಟರ್ ಮುಚ್ಚುವಷ್ಟು ಜರಡಿ ಹಿಡಿದ ಕಾಂಪೋಸ್ಟ್ ಸಾಕು, ಆಳಕ್ಕೆ ಹೋದರೆ ಸಣ್ಣ ಬೀಜ ಮೇಲೆ ಬರುವುದಿಲ್ಲ. ಕಾಲಲ್ಲಿ ಹಗುರವಾಗಿ ಒತ್ತಿ. ಆಮೇಲೆ ನೀರಿನ ನಿಯಮ ತಲೆಕೆಳಗಾಗುತ್ತದೆ. ಮೊಳೆಯುವವರೆಗೆ ದಿನಕ್ಕೆ ಎರಡು ಮೂರು ಸಲ ತೆಳ್ಳಗೆ ಚಿಮುಕಿಸಿ, ಮೇಲಿನ ಮಣ್ಣು ಒಣಗಬಾರದು. ಮೊಳೆತ ಮೇಲೆ ನಿಧಾನವಾಗಿ ಸಲ ಕಡಿಮೆ ಮಾಡಿ, ಆಳ ಹೆಚ್ಚಿಸಿ. ಹೊಸ ಹುಲ್ಲು ನಿಮ್ಮ ಅಳತೆಗಿಂತ ಮೂರನೇ ಒಂದು ಭಾಗ ಮೇಲೆ ಬೆಳೆದಾಗ, ನೆಲ ಒಣಗಿರುವಾಗ, ಹರಿತವಾದ ಬ್ಲೇಡಿನಿಂದ ಮೊದಲ ಸಲ ಕತ್ತರಿಸಿ. ಮೊಂಡು ಬ್ಲೇಡ್ ಎಳೆ ಗಿಡವನ್ನು ಬೇರು ಸಹಿತ ಕಿತ್ತುಬಿಡುತ್ತದೆ. ಮೂರು ನಾಲ್ಕು ಸಲ ಕತ್ತರಿಸುವವರೆಗೆ ಕಳೆನಾಶಕ ಮುಟ್ಟಬೇಡಿ. ಅಷ್ಟರಲ್ಲಿ ಕಂಡ ಕಳೆಯನ್ನು ಕೈಯಲ್ಲಿ ಕೀಳಿ.

ಕೊನೆಯ ಪ್ರಶ್ನೆ ಮುಂದಿನ ಸಾಲಿನಿಂದ ಬಂದಿದೆ. ಚಳಿಯಲ್ಲಿ ನಮ್ಮ ಬರ್ಮುಡಾ ಕಂದಾಗುತ್ತದೆ, ಅದರ ಮೇಲೆ ರೈಗ್ರಾಸ್ ಬಿತ್ತಿ ಹಸಿರು ಮಾಡಬಹುದೇ? ಮಾಡಬಹುದು. ಅಮೆರಿಕದ ಜಾರ್ಜಿಯಾದ ಆಗಸ್ಟಾ ನ್ಯಾಷನಲ್ ಗಾಲ್ಫ್ ಮೈದಾನದಲ್ಲಿ ಹಾಗೇ ಮಾಡುತ್ತಾರೆ. ಏಪ್ರಿಲ್‌ನ ಪಂದ್ಯದಲ್ಲಿ ನೀವು ಟಿವಿಯಲ್ಲಿ ನೋಡುವ ಆ ಹಸಿರಿನ ಬಹುಪಾಲು ಬರ್ಮುಡಾದ ಮೇಲೆ ಬಿತ್ತಿದ ರೈಗ್ರಾಸ್. ಇದಕ್ಕೆ ಚದರ ಮೀಟರ್‌ಗೆ 40ರಿಂದ 50 ಗ್ರಾಂ ಬೀಜ ಬೇಕು, ಚಳಿಗಾಲ ಪೂರ್ತಿ ನೀರು, ಕತ್ತರಿಸುವ ಕೆಲಸ ಬೇಕು. ಬಿಸಿ ಏರತೊಡಗಿದಾಗ ಅದೇ ರೈಗ್ರಾಸ್ ಬರ್ಮುಡಾದ ಚಿಗುರಿಗೆ ಬೆಳಕು ಬಿಡುವುದಿಲ್ಲ. ಆಗ ಅದನ್ನು ಗಿಡ್ಡ ಕತ್ತರಿಸುತ್ತಾ ಬಂದು, ಬರ್ಮುಡಾ ಎದ್ದು ಹಸಿರಾಗುವವರೆಗೆ ಸಾರಜನಕ ತಡೆಹಿಡಿಯಬೇಕು. ಮನೆಯ ಲಾನ್‌ಗೆ ನಾನು ಇದನ್ನು ಸೂಚಿಸುವುದಿಲ್ಲ. ಕಂದಾದ ಬರ್ಮುಡಾ ಸತ್ತಿಲ್ಲ, ಅದನ್ನು ಮಲಗಲು ಬಿಡಿ. ಮಾಡಲೇಬೇಕೆಂದಿದ್ದರೆ ಜನ ನೋಡುವ ಮುಂಭಾಗದ ಒಂದು ತುಂಡಿಗೆ ಮಾತ್ರ ಮಾಡಿ, ಉಳಿದದ್ದನ್ನು ಹಾಗೇ ಬಿಟ್ಟು ಬೇಸಿಗೆಯಲ್ಲಿ ಎರಡನ್ನೂ ಪಕ್ಕಪಕ್ಕ ನೋಡಿ ನಿರ್ಧರಿಸಿ.